ರಾತ್ರಿ ಪಾಳಿಯ ವಾರ: ಮದ್ದೂರು ತಾಲ್ಲೂಕಿನ ಒಂದು ಪ್ರಕರಣ

ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು (ವಿ.ಆರ್.ಡಬ್ಲ್ಯು.) ನಮಗೆ ಫೋನ್ ಮಾಡಿದ್ದು ಒಂದೇ ವಿಷಯಕ್ಕೆ. "ಮೇಡಂ, ಇಲ್ಲೊಬ್ಬ ಹುಡುಗ ಅವ್ನೆ. ಗೋಡೆಗೆ ತಲೆ ಚಚ್ಕೋತಾನೆ, ಅವರವ್ವನಿಗೂ ಹೊಡೀತಾನೆ. ಎಲ್ಲಾದ್ರೂ ಹಾಸ್ಟೆಲ್‌ಗೆ ಸೇರಿಸಕ್ಕಾಯ್ತದಾ?"

ಮಂಡ್ಯದ ನಮ್ಮ ಸಂಸ್ಥೆ ಚಿಕ್ಕದು. ಆಟಿಸಂ ಮತ್ತು ಬೌದ್ಧಿಕ ಅಂಗವೈಕಲ್ಯ ಇರುವ ದೊಡ್ಡವರಿಗಾಗಿ ಒಂದು ಹಗಲು ಕೇಂದ್ರ ಇದೆ. ಮನೆಗಳಿಗೆ ಹೋಗಿ ಬರುವ ಕೆಲವು ಕಾರ್ಯಕರ್ತೆಯರಿದ್ದಾರೆ. ಹಾಸ್ಟೆಲ್ ಇಲ್ಲ. ಆದರೆ ನಮಗೆ ಬರುವ ಫೋನುಗಳಲ್ಲಿ ಹಾಸ್ಟೆಲ್ ಕೇಳುವವೇ ಜಾಸ್ತಿ. ಮನೆಯವರು ಅಲ್ಲಿವರೆಗೂ ತಡೆದುಕೊಂಡು, ಇನ್ನು ಆಗಲ್ಲ ಅನ್ನಿಸಿದಾಗಲೇ ಫೋನ್ ಮಾಡುವುದು. ಹಾಗಾಗಿ "ಇಲ್ಲ" ಅಂದು ಫೋನ್ ಇಡುವುದಿಲ್ಲ. ಒಂದು ಸಲ ಹೋಗಿ ನೋಡಿ ಬರುತ್ತೇವೆ.

ಊರು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಕೊನೆ ಭಾಗದಲ್ಲಿದೆ. ನಾಲೆ ನೀರು ಬಂದರೆ ಬಂತು, ಇಲ್ಲದಿದ್ದರೆ ಬೋರ್‌ವೆಲ್ಲೇ ಗತಿ. ಮನೆಗೆ ಒಂದಿಷ್ಟು ಹಿಪ್ಪುನೇರಳೆ, ಸ್ವಲ್ಪ ಕಬ್ಬು, ಎರಡು ಹಸು. ಅಪ್ಪನಿಗೆ 60ರ ಹತ್ತಿರ. ಅವ್ವ ಏಳನೇ ಕ್ಲಾಸಿನವರೆಗೆ ಓದಿದವರು. ಮಗಳನ್ನು ಮೈಸೂರಿಗೆ ಕೊಟ್ಟಿದ್ದಾರೆ. ಮಗನಿಗೆ 26 ವರ್ಷ. ಹೆಸರು, ಊರು ಇಲ್ಲಿ ಬೇಡ. ಗುರುತು ಸಿಗುವಂಥ ಸಣ್ಣಪುಟ್ಟ ವಿವರಗಳನ್ನೂ ಬದಲಾಯಿಸಿದ್ದೇನೆ.

18 ವರ್ಷದವರೆಗೆ ಅವನು ಒಂದು ವಿಶೇಷ ಶಾಲೆಗೆ ಹೋಗುತ್ತಿದ್ದ. ಬೆಳಗ್ಗೆ ವ್ಯಾನು, ಮಧ್ಯಾಹ್ನ ಊಟ, ಸಂಜೆ ವ್ಯಾನು. 18 ದಾಟಿದ ಮೇಲೆ ಶಾಲೆ ಮುಗಿಯಿತು. ಮುಂದೆ ಎಲ್ಲಿಗೆ ಅಂತ ಯಾರೂ ಹೇಳಲಿಲ್ಲ. ಮನೆಯವರೂ ಕೇಳಲಿಲ್ಲ. ಅಂದಿನಿಂದ ಅವನು ಜಗಲಿಯ ಮೇಲೆ. ಹಸು ನೋಡುತ್ತಾನೆ, ರಸ್ತೆಯಲ್ಲಿ ಬಸ್ಸು ಹೋದರೆ ಎದ್ದು ನಿಂತು "ರೈಟ್ ರೈಟ್" ಅನ್ನುತ್ತಾನೆ, ಮತ್ತೆ ಕೂರುತ್ತಾನೆ. ಎಂಟು ವರ್ಷ ಹೀಗೇ ಕಳೆದಿದೆ. ಹೊಡೆದಾಟ ಶುರುವಾಗಿದ್ದು ಕೊನೆಯ ಒಂದೂವರೆ ವರ್ಷದಲ್ಲಿ.

ಅಷ್ಟರಲ್ಲಿ ಮನೆಯವರು ಮಾಡಬೇಕಾದ್ದನ್ನೆಲ್ಲ ಮಾಡಿದ್ದರು. ತಾಯತ ಕಟ್ಟಿಸಿದ್ದರು, ಹರಕೆ ಹೊತ್ತಿದ್ದರು. ಅಮಾವಾಸ್ಯೆ ಹತ್ತಿರ ಬಂದಾಗ ಜಾಸ್ತಿಯಾಗುತ್ತದೆ ಅನ್ನುವುದು ಇಡೀ ಬೀದಿಯ ನಂಬಿಕೆ. ಆಸ್ಪತ್ರೆಗೂ ತೋರಿಸಿದ್ದರು. ಅಲ್ಲಿ ರಿಸ್ಪೆರಿಡೋನ್ ಮಾತ್ರೆ ಕೊಟ್ಟಿದ್ದರು. ಹೊಡೆಯುವುದು ನಿಲ್ಲದಿದ್ದಾಗ ಡೋಸು ಏರಿತು. ಮತ್ತೆ ನಿಲ್ಲಲಿಲ್ಲ, ಮತ್ತೆ ಏರಿತು. ನಾವು ನೋಡುವ ಹೊತ್ತಿಗೆ ಬೆಳಗ್ಗೆ ಹತ್ತು ಗಂಟೆಯವರೆಗೂ ತೂಕಡಿಸುತ್ತಿದ್ದ, ಹೊಟ್ಟೆ ಬಂದಿತ್ತು, ಹಳೆಯ ಪ್ಯಾಂಟು ಒಂದೂ ಆಗುತ್ತಿರಲಿಲ್ಲ.

ಈ ಮಾತ್ರೆಯ ಬಗ್ಗೆ ಒಂದು ಮಾತು ಹೇಳಬೇಕು. ಇದು ಆಟಿಸಂಗೆ ಕೊಡುವ ಮಾತ್ರೆ ಅಲ್ಲ. ಆಟಿಸಂ ಇರುವ 5ರಿಂದ 16 ವರ್ಷದವರಲ್ಲಿ ಸಿಡುಕು, ಹೊಡೆದಾಟ ಕಡಿಮೆ ಮಾಡಲು ಅಂತ ಅಮೆರಿಕದಲ್ಲಿ ಇದಕ್ಕೆ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವರಿಗೆ ಉಪಯೋಗ ಆಗುತ್ತದೆ, ಅದನ್ನು ನೋಡಿದ್ದೇವೆ. ತೂಕ ಏರುವುದನ್ನೂ ನೋಡಿದ್ದೇವೆ. ಆದರೆ ಸಿಡುಕಿಗೆ ಕಾರಣ ಬೇರೆಲ್ಲೋ ಇದ್ದಾಗ ಡೋಸು ಏರಿಸುತ್ತಾ ಹೋದರೆ ಆ ಕಾರಣ ಇನ್ನಷ್ಟು ಒಳಗೆ ಅಡಗಿಕೊಳ್ಳುತ್ತದೆ, ಅಷ್ಟೇ.

ಮಾತು ಬಾರದ, ಅಥವಾ ಅಲ್ಪಸ್ವಲ್ಪ ಬರುವ ದೊಡ್ಡವರು ಇದ್ದಕ್ಕಿದ್ದಂತೆ ಹೊಡೆಯಲು ಶುರು ಮಾಡಿದರೆ ನಾವು ಮೊದಲು ಕೇಳುವುದು ಮನಸ್ಸಿನ ವಿಷಯವನ್ನಲ್ಲ. ಹಲ್ಲು, ಕಿವಿ, ಹೊಟ್ಟೆ, ಮಲಬದ್ಧತೆ, ನಿದ್ದೆ, ಫಿಟ್ಸ್. ಮೊದಲು ಇವನ್ನು ಕೇಳುತ್ತೇವೆ. ಆಮೇಲೆ, ಅವರ ದಿನದಲ್ಲಿ ಏನು ಬದಲಾಯಿತು ಅಂತ ಕೇಳುತ್ತೇವೆ. ಬಹಳ ಸಲ ಇದನ್ನು ಯಾರೂ ಕೇಳಿಯೇ ಇರುವುದಿಲ್ಲ. "ಆಟಿಸಂ ಇದೆಯಲ್ಲ, ಅದಕ್ಕೇ" ಅನ್ನುವ ಉತ್ತರ ಸುಲಭಕ್ಕೆ ಸಿಕ್ಕಿಬಿಡುತ್ತದೆ ನೋಡಿ, ಹುಡುಕಾಟ ಅಲ್ಲೇ ನಿಂತುಹೋಗುತ್ತದೆ.

ಅವ್ವನಿಗೆ ಕೆಂಪು ಸ್ಕೆಚ್ ಪೆನ್ನು ಕೊಟ್ಟೆವು. ಗೋಡೆಯ ಕ್ಯಾಲೆಂಡರಿನಲ್ಲಿ ಅವನು ಹೊಡೆದುಕೊಂಡ ದಿನ ಒಂದು ಚುಕ್ಕೆ. ಹಗಲಾದರೆ ತಾರೀಖಿನ ಮೇಲೆ, ರಾತ್ರಿಯಾದರೆ ಕೆಳಗೆ. ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು, ಆಮೇಲೆ ಏನಾಯಿತು ಅನ್ನುವುದನ್ನು ಮೈಸೂರಿನ ಮಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಕಳಿಸಿದರೆ ಸಾಕು, ಅವಳು ಬರೆದಿಡುತ್ತಾಳೆ. ಇದನ್ನು ನಮ್ಮವರು ಎ-ಬಿ-ಸಿ ಚಾರ್ಟ್ ಅನ್ನುತ್ತಾರೆ. ಮುಂಚೆ ಏನು, ಆಗ ಏನು, ಆಮೇಲೆ ಏನು. ಫಾರಂ ಕೊಟ್ಟಿದ್ದರೆ ಆ ಮನೆಯಲ್ಲಿ ಅದು ತುಂಬುತ್ತಲೇ ಇರಲಿಲ್ಲ.

ಚುಕ್ಕೆಗಳ ಲೆಕ್ಕದಲ್ಲಿ ಮೊದಲು ಬಿದ್ದುಹೋಗಿದ್ದು ಅಮಾವಾಸ್ಯೆ. ಎರಡು ಅಮಾವಾಸ್ಯೆ ಖಾಲಿ ಹೋದವು. ಅವ್ವ ಕ್ಯಾಲೆಂಡರನ್ನು ಪಕ್ಕದ ಮನೆಯವರಿಗೂ ತೋರಿಸಿದರಂತೆ. ಅವರು ನಂಬಲಿಲ್ಲ, ಅದು ಬೇರೆ ವಿಷಯ.

ಹಗಲಿನ ಚುಕ್ಕೆಗಳು ಊಟದ ಹೊತ್ತಿಗೆ ಅಂಟಿಕೊಂಡಿದ್ದವು. ಮಗಳು ಬರೆದಿಟ್ಟ ಪುಸ್ತಕದಲ್ಲಿ "ಅನ್ನ ಇಟ್ಟೆ, ತಟ್ಟೆ ಎಸೆದ", "ಚಪಾತಿ ಕೊಟ್ಟೆ, ಕೆನ್ನೆಗೆ ಹೊಡ್ಕಂಡ" ಅಂತ ಮತ್ತೆ ಮತ್ತೆ ಬರುತ್ತಿತ್ತು. ಮುದ್ದೆ ಇಟ್ಟ ದಿನ ಏನೂ ಇಲ್ಲ. ಮನೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಅವನಿಗೆ ಮುದ್ದೆನೇ ಆಗಬೇಕು ಕಣಮ್ಮ, ಬೇರೆದು ಮುಟ್ಟಾಕಿಲ್ಲ. ಹಟ," ಅಂದರು ಅವ್ವ. ಆಟಿಸಂ ಇರುವವರು ಊಟದಲ್ಲಿ ಇದು ಬೇಕು ಅದು ಬೇಡ ಅನ್ನುವುದು ತುಂಬ ಸಾಮಾನ್ಯ. ಶಾಲೆಯಲ್ಲೂ ಆಸ್ಪತ್ರೆಯಲ್ಲೂ ಅದನ್ನೇ ಹೇಳಿದ್ದರು. ಹಾಗಾಗಿ ಯಾರೂ ಮುಂದಕ್ಕೆ ಯೋಚಿಸಲಿಲ್ಲ.

ನಮ್ಮ ಕಾರ್ಯಕರ್ತೆಯೂ ಅದೇ ಸೀಮೆಯವರು. ಅವರು ಕೇಳಿದ ಪ್ರಶ್ನೆ ಇದು: "ಅಮ್ಮ, ಮೊದ್ಲೂ ಹಿಂಗೇನಾ? ನಿಪ್ಪಟ್ಟು, ಚಕ್ಕುಲಿ ಏನೂ ತಿಂತಾ ಇರ್ಲಿಲ್ವಾ?"

ಅವ್ವ ಸ್ವಲ್ಪ ಹೊತ್ತು ಯೋಚಿಸಿ, "ಅಯ್ಯೋ, ಹಬ್ಬಕ್ಕೆ ಮಾಡಿದ್ರೆ ಡಬ್ಬನೇ ಖಾಲಿ ಮಾಡೋನು. ಹೋದ್ವರ್ಸ ಮುಟ್ಟೇ ಇಲ್ಲ," ಅಂದರು.

ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಈ ಕಡೆಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಅವನು ಬಿಟ್ಟಿದ್ದು ಅಗಿಯಬೇಕಾದ ಪದಾರ್ಥಗಳನ್ನೆಲ್ಲ, ಇಟ್ಟುಕೊಂಡಿದ್ದು ನುಂಗುವ ಒಂದನ್ನು ಮಾತ್ರ. ಹೊಡೆದುಕೊಳ್ಳುತ್ತಿದ್ದುದೂ ಯಾವಾಗಲೂ ಬಲ ಕೆನ್ನೆಗೇ.

ಇನ್ನೊಂದು ಸುಳಿವೂ ಇತ್ತು, ಅದು ಎಲ್ಲರ ಕಿವಿಗೂ ಬೀಳುತ್ತಲೇ ಇತ್ತು. ಅವನಿಗೆ ಸ್ವಂತ ಮಾತು ಕಡಿಮೆ. ಎಂದೋ ಕೇಳಿದ ಮಾತನ್ನು ಅದೇ ರಾಗದಲ್ಲಿ ಹೇಳುತ್ತಾನೆ. ಕಂಡಕ್ಟರ್ ಮಾತು, ಟಿ.ವಿ. ಜಾಹೀರಾತು, ಶಾಲೆಯ ಪ್ರಾರ್ಥನೆಯ ಒಂದು ಸಾಲು. ಇದಕ್ಕೆ ಎಕೋಲಾಲಿಯಾ ಅನ್ನುತ್ತಾರೆ. ಸುಮ್ನೆ ಗಿಳಿಪಾಠ ಅಂತ ತಳ್ಳಿಹಾಕುವವರೇ ಜಾಸ್ತಿ. ಕೆನ್ನೆಗೆ ಹೊಡೆದುಕೊಳ್ಳುವಾಗ ಅವನು ಹೇಳುತ್ತಿದ್ದದ್ದು, "ಇರುವೆ ಕಚ್ಚಿದಂಗೆ ಅಷ್ಟೇ. ಆಯ್ತು, ಆಯ್ತು." ಒಂದು ಹೆಂಗಸಿನ ಸಮಾಧಾನದ ದನಿಯಲ್ಲಿ, ಎಳೆದು ಎಳೆದು.

ಇದು ಎಲ್ಲಿಂದ ಬಂತು ಅಂತ ಕೇಳಿದಾಗ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಆ ರಾತ್ರಿ ಮಗಳಿಂದ ಮೆಸೇಜು ಬಂತು. ಅವನು ಚಿಕ್ಕವನಿದ್ದಾಗ ಊರಿಗೆ ಇಂಜೆಕ್ಷನ್ ಹಾಕಲು ಬರುತ್ತಿದ್ದ ಸಿಸ್ಟರ್ ಸೂಜಿ ಚುಚ್ಚುವಾಗ ಹೇಳುತ್ತಿದ್ದ ಮಾತಂತೆ ಅದು. ಅವನಿಗೆ "ನೋವು" ಅಂತ ಹೇಳಲು ಬರುವುದಿಲ್ಲ. ನೋವಾದಾಗ ಕೇಳಿದ ಮಾತು ಗೊತ್ತಿತ್ತು, ಅದನ್ನೇ ಒಂದೂವರೆ ವರ್ಷ ಹೇಳುತ್ತಾ ಬಂದಿದ್ದ.

ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಅಂದರೆ ನಾಳೆ ಹೋಗಿ ಬರುವ ಕೆಲಸ ಅಲ್ಲ. ಬಾಯಿಗೆ ಬೇರೆಯವರ ಕೈ ಹೋಗುವುದು, ಮುಖದ ಮೇಲೆ ದೀಪ, ಕೊರೆಯುವ ಮೆಷಿನ್ನಿನ ಸದ್ದು, ಔಷಧಿಯ ವಾಸನೆ. ಇದರಲ್ಲಿ ಒಂದೊಂದೂ ಆಟಿಸಂ ಇರುವ ಕೆಲವರಿಗೆ ತಡೆಯಲಾಗದಷ್ಟು ಜೋರಾಗಿ ತಟ್ಟುತ್ತದೆ. ಅವನ ಅಕ್ಕನೇ ಮೈಸೂರಿನ ಒಂದು ದಂತ ಕಾಲೇಜಿಗೆ ಹೋಗಿ ಮಾತಾಡಿ ಬಂದಳು. ಗೇಟು, ಮೆಟ್ಟಿಲು, ಕುರ್ಚಿ, ಡಾಕ್ಟರು ಇಷ್ಟರ ಫೋಟೋ ತೆಗೆದು ತಂದಳು. ಅದನ್ನು ವರಸೆಯಾಗಿ ಜೋಡಿಸಿ, ಕೊನೆಯಲ್ಲಿ ಮನೆಯ ಬಾಗಿಲಿನ ಫೋಟೋ ಹಾಕಿ, ದಿನಾ ಅವನ ಜೊತೆ ಕೂತು ನೋಡಿದ್ದು ಅವ್ವ. ಕೊನೆಗೆ ಮನೆಗೆ ಬರುತ್ತೇವೆ ಅನ್ನುವ ಚಿತ್ರ ಇದೆಯಲ್ಲ, ಅದು ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ದಂಡ.

ಮೊದಲ ಸಲ ಕುರ್ಚಿಯ ಮೇಲೆ ಕೂತು ಎದ್ದು ಬಂದರು, ಅಷ್ಟೇ. ಮುಂದಿನ ಸಲ ಕನ್ನಡಿ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡ. ಡಾಕ್ಟರು ಒಳ್ಳೆಯವರು, ಮೆಷಿನ್ ನಿಲ್ಲಿಸಿರುವ ಊಟದ ಹೊತ್ತನ್ನೇ ಕೊಟ್ಟರು. ಬಾಯಿ ತೆಗೆದ ದಿನ ನೋಡಿದರೆ ಬಲಗಡೆ ಕೆಳಗಿನ ದವಡೆ ಹಲ್ಲು ಬೇರಿನವರೆಗೂ ಹುಳುಕು. ಎಚ್ಚರದಲ್ಲಿ ಕೀಳುವಂತಿರಲಿಲ್ಲ. ಪೂರ್ತಿ ಅರಿವಳಿಕೆ ಕೊಟ್ಟು ತೆಗೆಯಬೇಕಾಯಿತು.

ಅಲ್ಲಿ ಬಂತು ಸಹಿಯ ಪ್ರಶ್ನೆ. "ಇವರಿಗೆ 18 ದಾಟಿದೆ, ಗಾರ್ಡಿಯನ್ ಸರ್ಟಿಫಿಕೇಟ್ ಇದೆಯಾ?" ಅಪ್ಪ, "ನಾನೇ ಅವನ ಅಪ್ಪ, ಇನ್ಯಾವ ಸರ್ಟಿಫಿಕೇಟು ಸಾ?" ಅಂದರು. ಹೆತ್ತವರಿಗೆ ಇದು ಅರ್ಥವಾಗುವುದು ಕಷ್ಟ. ಅದನ್ನು ಮುಂದೆ ಹೇಳುತ್ತೇನೆ. ಆವತ್ತಿಗೆ ಹೆತ್ತವರಿಬ್ಬರ ಸಹಿ ಪಡೆದು, ಅವನಿಗೂ ಚಿತ್ರ ತೋರಿಸಿ ಹೇಳಿ, ಕೆಲಸ ಮುಗಿಯಿತು. ಖರ್ಚಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಇದ್ದಿದ್ದರೆ ಅನುಕೂಲವಾಗುತ್ತಿತ್ತು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಮೊದಲು ಕೈಯಿಂದ ಕೊಟ್ಟು ಆಮೇಲೆ ಬಿಲ್ಲು ಹಾಕಿ ವಾಪಸ್ ಪಡೆಯಬೇಕು. ಈ ಮನೆಯವರು ಅದರ ಹೆಸರೇ ಕೇಳಿರಲಿಲ್ಲ. ಈಗ ಮಾಡಿಸಿದ್ದೇವೆ.

ಹಲ್ಲು ಹೋದ ಮೇಲೆ ಊಟದ ಹೊತ್ತಿನ ಚುಕ್ಕೆಗಳು ನಿಂತವು. ಮೊದಲು ಅನ್ನ ತಿಂದ. ದಿನಗಳಾದ ಮೇಲೆ ನಿಪ್ಪಟ್ಟೂ ತಿಂದ. ಎಲ್ಲ ಮುಗಿಯಿತು ಅಂದುಕೊಂಡರು ಮನೆಯವರು. ಆದರೆ ತಾರೀಖಿನ ಕೆಳಗಿನ ಚುಕ್ಕೆಗಳು, ಅಂದರೆ ರಾತ್ರಿಯವು, ಹಾಗೇ ಇದ್ದವು. ಅವು ಒಂದು ವಾರ ಒತ್ತಾಗಿ ಬರುತ್ತಿದ್ದವು, ಮುಂದಿನ ವಾರ ಒಂದೂ ಇಲ್ಲ, ಮತ್ತೆ ಒಂದು ವಾರ ಒತ್ತಾಗಿ. ಚಂದ್ರನಿಗೂ ಇದಕ್ಕೂ ತಾಳೆಯಾಗಲಿಲ್ಲ. ಮಾತ್ರೆಗೂ ಆಗಲಿಲ್ಲ.

ಉತ್ತರ ಕೊಟ್ಟಿದ್ದು ಅಪ್ಪ, ಅದೂ ತಮಗೇ ಗೊತ್ತಿಲ್ಲದೆ. ಕಾರ್ಯಕರ್ತೆ ಕ್ಯಾಲೆಂಡರ್ ಮುಂದೆ ನಿಂತು, "ಅಣ್ಣಾ, ಈ ವಾರ ಮನೇಲಿ ಏನಾದ್ರೂ ವಿಶೇಷ ಇತ್ತಾ?" ಅಂದರೆ, ಅವರು ಕಣ್ಣುಜ್ಜಿಕೊಳ್ಳುತ್ತಾ, "ಏನ್ ವಿಶೇಷ ತಾಯಿ, ರಾತ್ರಿ ಪಾಳಿ. ನಂಗೂ ನಿದ್ದೆ ಇಲ್ಲ," ಅಂದರು.

ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು ದಿನವಿಡೀ ಬರುವುದಿಲ್ಲ. ದಿನಕ್ಕೆ ಕೆಲವೇ ಗಂಟೆ. ಈ ಊರಿನಲ್ಲಿ ಅದು ಒಂದು ವಾರ ಹಗಲು, ಒಂದು ವಾರ ರಾತ್ರಿ. ರಾತ್ರಿ ಪಾಳಿಯ ವಾರ ಅಪ್ಪ ಊಟ ಮುಗಿಸಿ, ಟಾರ್ಚು ಹಿಡಿದು ಬೋರಿನ ಹತ್ತಿರ ಹೋದರೆ ಬರುವುದು ಬೆಳಗಿನ ಜಾವ. ಮಗ ಹುಟ್ಟಿದಾಗಿನಿಂದ ಅಪ್ಪನ ಪಕ್ಕದ ಚಾಪೆಯಲ್ಲೇ ಮಲಗುವವನು. ಮಲಗುವಾಗ ಇದ್ದ ಅಪ್ಪ ನಡುರಾತ್ರಿ ಎಚ್ಚರವಾದರೆ ಇಲ್ಲ. ನಾವಾದರೆ "ತೋಟಕ್ಕೆ ಹೋಗಿರಬೇಕು" ಅಂದುಕೊಂಡು ಮಗ್ಗುಲು ಬದಲಾಯಿಸುತ್ತೇವೆ. ಅವನಿಗೆ ಅದು ಹಾಗೆ ಕಾಣುವುದಿಲ್ಲ. ಏನೋ ಆಗಿಹೋಗಿದೆ, ಯಾರೂ ಹೇಳುತ್ತಿಲ್ಲ. ಗೋಡೆಗೆ ತಲೆ ಚಚ್ಚುತ್ತಾನೆ, ಹಿಡಿಯಲು ಹೋದ ಅವ್ವನಿಗೆ ಏಟು ಬೀಳುತ್ತದೆ.

ಹಾಗಾದರೆ ಒಂದೂವರೆ ವರ್ಷದ ಹಿಂದೆ ಯಾಕೆ ಇರಲಿಲ್ಲ? ಆಗ ನೀರು ಹಾಯಿಸಲು ಅಪ್ಪನ ತಮ್ಮ ಹೋಗುತ್ತಿದ್ದ. ಮನೆ ಬೇರೆಯಾದ ಮೇಲೆ ಆ ಕೆಲಸ ಅಪ್ಪನ ಹೆಗಲಿಗೆ ಬಂತು. ಹಲ್ಲು ಹುಳುಕಾಗಿದ್ದೂ ಹೆಚ್ಚುಕಡಿಮೆ ಅದೇ ಸಮಯದಲ್ಲಿ. ಎರಡು ಕಾರಣಗಳು ಒಂದರ ಮೇಲೊಂದು ಬಿದ್ದಿದ್ದರಿಂದ ಹೊರಗಿನಿಂದ ನೋಡಿದವರಿಗೆ ಒಂದೇ ಹುಚ್ಚಾಟದಂತೆ ಕಾಣುತ್ತಿತ್ತು.

ಕರೆಂಟಿನ ಪಾಳಿ ಬದಲಾಯಿಸುವುದು ನಮ್ಮ ಕೈಯಲ್ಲಿ ಇಲ್ಲ. ಅಪ್ಪ ತೋಟಕ್ಕೆ ಹೋಗದೆ ಇರುವುದಕ್ಕೂ ಆಗುವುದಿಲ್ಲ. ಬದಲಾಯಿಸಬಹುದಾಗಿದ್ದು ಒಂದೇ, ಅಪ್ಪ ಹೋಗುತ್ತಾರೆ ಅನ್ನುವುದು ಮಗನಿಗೆ ಮೊದಲೇ ತಿಳಿಯುವಂತೆ ಮಾಡುವುದು. ಬಾಗಿಲ ಪಕ್ಕ ಒಂದು ರಟ್ಟಿನ ಹಲಗೆ ಹಾಕಿದೆವು. ಎಡಗಡೆ ಮನೆಯ ಫೋಟೋ, ಬಲಗಡೆ ಬೋರಿನ ಫೋಟೋ. ಅಪ್ಪನದು, ತಲೆಗೆ ಟವೆಲ್ಲು ಸುತ್ತಿ ಟಾರ್ಚು ಹಿಡಿದ ಒಂದು ಫೋಟೋ, ಹಿಂದೆ ಅಂಟುಪಟ್ಟಿ. ರಾತ್ರಿ ಪಾಳಿ ಶುರುವಾಗುವ ದಿನ ಮೇಲೆ ಚಂದ್ರನ ಚಿತ್ರ ಬರುತ್ತದೆ. ಊಟವಾದ ಮೇಲೆ ಅಪ್ಪನ ಫೋಟೋವನ್ನು ಮನೆಯಿಂದ ಬೋರಿಗೆ ಅಂಟಿಸುವುದು ಮಗನ ಕೆಲಸ. ಬೆಳಗ್ಗೆ ಮತ್ತೆ ಮನೆಗೆ ತರುವುದೂ ಅವನದೇ ಕೆಲಸ. ಅವನು ಮಲಗಿದ ಮೇಲೆ ಸದ್ದಿಲ್ಲದೆ ಜಾರಿಕೊಳ್ಳುವುದನ್ನು ಅಪ್ಪ ಬಿಡಬೇಕಾಯಿತು. ಇದೇ ಅವರಿಗೆ ಕಷ್ಟವಾಗಿದ್ದು. ಹೇಳಿ ಹೋದರೆ ರಂಪ ಮಾಡುತ್ತಾನೆ ಅಂತ ಭಯ. ಮೊದಲ ವಾರ ರಂಪ ಮಾಡಿದ ಕೂಡ. ಫೋಟೋ ಕಿತ್ತು ಎಸೆದ. ಎರಡನೇ ರಾತ್ರಿ ಪಾಳಿಯಲ್ಲಿ ತಾನೇ ಹಲಗೆಯ ಮುಂದೆ ಬಂದು ನಿಂತ.

ದೊಡ್ಡವರಿಗೆ ಚಿತ್ರ ತೋರಿಸುವುದು ಮಕ್ಕಳಾಟ ಅಂತ ಕೆಲವರಿಗೆ ಅನ್ನಿಸುತ್ತದೆ. ಬಸ್ ಸ್ಟ್ಯಾಂಡಿನ ವೇಳಾಪಟ್ಟಿ ನೋಡದೆ ನಾವ್ಯಾರಾದರೂ ಪ್ರಯಾಣ ಮಾಡುತ್ತೇವಾ?

ಇನ್ನೊಂದು ಉಪಾಯ ಅಪ್ಪನದೇ. ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದರು. ಫೋನ್ ಮಾಡಿದರೆ ಮೋಟರು ಆನ್ ಆಗುತ್ತದೆ, ಆಫ್ ಆಗುತ್ತದೆ. ಆದರೂ ಒಂದು ತಾಕಿನಿಂದ ಇನ್ನೊಂದಕ್ಕೆ ನೀರು ತಿರುಗಿಸಲು ಗೇಟ್‌ವಾಲ್ ಹತ್ತಿರ ಹೋಗಲೇಬೇಕು. ಇಡೀ ರಾತ್ರಿಯ ಕೆಲಸ ಎರಡು ಗಂಟೆಯ ಕೆಲಸಕ್ಕೆ ಇಳಿಯಿತು. ಊರಿನವರೆಲ್ಲ ಸ್ಟಾರ್ಟರ್ ಹಾಕಿಸುವುದು ನಿದ್ದೆಗಾಗಿ. ಇವರು ಹಾಕಿಸಿದ್ದು ಬೇರೆ ಕಾರಣಕ್ಕೆ.

ಚುಕ್ಕೆಗಳು ಪೂರ್ತಿ ನಿಂತಿಲ್ಲ. ಮಳೆ ಗಾಳಿಗೆ ಕರೆಂಟು ಕೈಕೊಟ್ಟು ಪಾಳಿ ಏರುಪೇರಾದರೆ ಒಂದೆರಡು ಬರುತ್ತವೆ. ಕ್ಯಾಲೆಂಡರನ್ನು ನೋಡಿದ ಮನೋವೈದ್ಯರು ಮಾತ್ರೆ ಇಳಿಸಲು ಶುರು ಮಾಡಿದರು. ನಿಧಾನಕ್ಕೆ, ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ. ಮನೆಯಲ್ಲಿ ತಾವಾಗಿಯೇ ನಿಲ್ಲಿಸುವ ಮಾತ್ರೆ ಅದಲ್ಲ. ಈಗ ಬೆಳಗ್ಗೆ ಏಳಕ್ಕೆಲ್ಲ ಎದ್ದಿರುತ್ತಾನೆ.

ಎದ್ದು ಏನು ಮಾಡಬೇಕು? ಎಂಟು ವರ್ಷದ ಜಗಲಿ ಹಾಗೇ ಇತ್ತಲ್ಲ.

ಕೇಂದ್ರಕ್ಕೆ ಬರಲಿ ಅಂದೆವು. ಅವ್ವನಿಗೆ ಬಸ್ಸಿನ ಖರ್ಚಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಮಗನಿಗೆ ಕೆ.ಎಸ್.ಆರ್.ಟಿ.ಸಿ.ಯ ವಿಕಲಚೇತನರ ಪಾಸು, ಮನೆಯಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದು. ದುಡ್ಡಿನ ತೊಂದರೆ ಇಲ್ಲ, ತೊಂದರೆ ರಶ್ಶಿನದು. ಶಕ್ತಿ ಬಂದ ಮೇಲೆ ಬೆಳಗಿನ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಬಸ್ಸೆಂದರೆ ಪ್ರಾಣ ಬಿಡುವವನು ಆ ನೂಕುನುಗ್ಗಲಿನಲ್ಲಿ ಕಿವಿ ಮುಚ್ಚಿಕೊಂಡು ಕೂಗಿದ. ಈಗ ಅವರು ಕಾಲೇಜು ಮಕ್ಕಳ ಬಸ್ಸು ಬಿಟ್ಟು, ಅದರ ಹಿಂದಿನ ಖಾಲಿ ಬಸ್ಸಿಗೆ ಬರುತ್ತಾರೆ. ಕೇಂದ್ರ ಶುರುವಾಗಿ ಒಂದು ಗಂಟೆಯಾಗಿರುತ್ತದೆ. ಆಗಲಿ ಬಿಡಿ.

ಕೇಂದ್ರದಲ್ಲಿ ಹೆಚ್ಚಿನವರು ಮಾಡುವುದು ಊದುಬತ್ತಿ ಪ್ಯಾಕಿಂಗ್. ಮೈಸೂರಿನ ಕಂಪನಿಗಳಿಂದ ಕೆಲಸ ಸಿಗುತ್ತದೆ, ಎಣಿಸಿ ತುಂಬುವುದು ಹಲವರಿಗೆ ಒಗ್ಗುತ್ತದೆ. ಈ ಭಾಗದ ಎಷ್ಟೋ ಸಂಸ್ಥೆಗಳು ಅದನ್ನೇ ಹಿಡಿದಿರುವುದು ಅದಕ್ಕೇ. ಆದರೆ ಅವನು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ರಸ್ತೆಗೆ ಓಡಿದ. ಅವನಿಗೆ ಆ ವಾಸನೆ ಆಗುವುದಿಲ್ಲ. ಅಂಗಳದಲ್ಲಿ ಪೇಪರ್ ಕವರ್ ಮಾಡುವ ಕಡೆ ಕೂರಿಸಿದೆವು. ಕೂತ, ಆದರೆ ಮಾಡಲಿಲ್ಲ. ಮಧ್ಯಾಹ್ನ ಎಲ್ಲರ ಊಟದ ಡಬ್ಬಿಗಳನ್ನು ಗಾತ್ರದ ಪ್ರಕಾರ ಜೋಡಿಸಿದ. ಮುಚ್ಚಳ ನೆಗ್ಗಿದ್ದ ಒಂದನ್ನು ಬೇರೆ ಇಟ್ಟ. ಮರುದಿನವೂ ಅದನ್ನೇ ಮಾಡಿದ. ನೆಗ್ಗಿದ ಡಬ್ಬಿ ಮತ್ತೆ ಬೇರೆ.

ಇದನ್ನು ನೋಡಿ ಕಾರ್ಯಕರ್ತೆಗೆ ನೆನಪಾಗಿದ್ದು ಹುಡುಗನ ಬೀದಿಯಲ್ಲೇ ಇದ್ದ ರೇಷ್ಮೆ ಹುಳು ಸಾಕುವ ಮನೆ. ಚಂದ್ರಿಕೆಯಿಂದ, ಅಂದರೆ ಹುಳ ಗೂಡು ಕಟ್ಟುವ ತಟ್ಟೆಯಿಂದ, ಬಿಡಿಸಿದ ಗೂಡನ್ನು ಹಾಗೇ ರಾಮನಗರದ ಮಾರ್ಕೆಟ್ಟಿಗೆ ಒಯ್ಯುವುದಿಲ್ಲ. ಕಲೆ ಬಿದ್ದ ಗೂಡು, ತೆಳ್ಳನೆ ಗೂಡು, ಎರಡು ಹುಳ ಸೇರಿ ಕಟ್ಟಿದ ಗೂಡು ಎಲ್ಲ ಆರಿಸಿ ತೆಗೆಯಬೇಕು. ಅವು ಲಾಟಿನಲ್ಲಿ ಉಳಿದರೆ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಒಂದು ಬೆಳೆಗೆ ಕೆಲವು ದಿನದ ಕೆಲಸ, ಹೆಂಗಸರು ಕೂಲಿಗೆ ಬರುತ್ತಾರೆ. ಸಾಕುವ ಮನೆ ಒಳಗೆ ಗಲಾಟೆ ಇರುವುದಿಲ್ಲ, ಬೆಳಕೂ ಮಂದ. ವಾಸನೆ ಊದುಬತ್ತಿಗಿಂತ ಹತ್ತು ಪಾಲು ಜೋರು, ಆದರೆ ಅದು ಅವನು ಹುಟ್ಟಿನಿಂದ ಉಸಿರಾಡಿದ ವಾಸನೆ. ಔಷಧಿ ಹೊಡೆಯುವ ದಿನ ಮಾತ್ರ ಆ ಕಡೆ ಸುಳಿಯುವುದಿಲ್ಲ.

ಅವನ ಮುಂದೆ ಮೂರು ಬುಟ್ಟಿ ಇಟ್ಟು, ಒಂದೊಂದಕ್ಕೂ ಒಂದು ಮಾದರಿ ಗೂಡನ್ನು ದಾರದಲ್ಲಿ ಕಟ್ಟಿದರು. ಹೇಳಿಕೊಟ್ಟಿದ್ದು ಅಷ್ಟೇ. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ, ಬೆರಳಲ್ಲಿ ಒಮ್ಮೆ ಒತ್ತುತ್ತಾನೆ, ಬುಟ್ಟಿಗೆ ಹಾಕುತ್ತಾನೆ. ಉಳಿದವರಷ್ಟು ಬೇಗ ಅಲ್ಲ. ಆದರೆ ಅವನು ಮುಗಿಸಿದ ಬುಟ್ಟಿಯನ್ನು ಯಾರೂ ಎರಡನೇ ಸಲ ನೋಡಬೇಕಾಗಿಲ್ಲ.

ತಕರಾರು ಬಂದಿದ್ದು ಕೂಲಿ ವಿಷಯಕ್ಕೆ. ಮೊದಲ ಬೆಳೆಗೆ ಆ ಮನೆಯವರು ಹೊಟ್ಟೆ ತುಂಬ ಊಟ, ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು ಕಳಿಸಿದರು. ಕೆಟ್ಟ ಜನ ಅಲ್ಲ. "ಅವನಿಗ್ಯಾಕೆ ದುಡ್ಡು, ಏನ್ ಮಾಡ್ತಾನೆ?" ಅನ್ನುವುದು ಅವರ ಲೆಕ್ಕ. ಅವ್ವನೂ, "ಅವನು ಕೂತ್ಕಂಡವ್ನೆ ಅನ್ನೋದೇ ಸಾಕು ಕಣಮ್ಮ, ಕೂಲಿ ಕೇಳಿ ಮನಸ್ತಾಪ ಯಾಕೆ?" ಅಂದರು. ನಾವು ಒಪ್ಪಲಿಲ್ಲ. ಕೆಲಸ ಅಂದ ಮೇಲೆ ಕೂಲಿ. ಅವನ ಹೆಸರಿನ ಬ್ಯಾಂಕ್ ಪಾಸ್‌ಬುಕ್ಕಿಗೆ ಪಿಂಚಣಿ ಬಿಟ್ಟು ಬೇರೆ ದುಡ್ಡು ಬಿದ್ದೇ ಇರಲಿಲ್ಲ. ಕೊನೆಗೆ ಆರಿಸಿದ ಕೆ.ಜಿ. ಲೆಕ್ಕಕ್ಕೆ ಬಂದು ನಿಂತಿತು, ಹೆಂಗಸರಿಗೆ ಎಷ್ಟೋ ಇವನಿಗೂ ಅಷ್ಟೇ. ಮೊದಲ ದುಡ್ಡು ಬಂದ ದಿನ ಅಕ್ಕ ಅವನನ್ನು ಮದ್ದೂರಿಗೆ ಕರೆದುಕೊಂಡು ಹೋದಳು. ನೋಟನ್ನು ಅವನೇ ಕೊಟ್ಟು ವಡೆ ಕೊಂಡ. ಚಿಲ್ಲರೆ ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅದು ಇನ್ನೂ ಕಲಿಯಬೇಕು.

ಇನ್ನು ಆ ಸಹಿಯ ವಿಷಯ. ನಮ್ಮಲ್ಲಿ 18 ದಾಟಿದ ಮೇಲೆ ಹೆತ್ತವರು ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಒಂದು ದಾರಿ ಇದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವೈಕಲ್ಯ ಇರುವ ಒಬ್ಬರು ಸೇರಿದ ಸ್ಥಳೀಯ ಮಟ್ಟದ ಸಮಿತಿ ಅರ್ಜಿ ನೋಡಿ ಪೋಷಕರನ್ನು ನೇಮಿಸುತ್ತದೆ. ಕೋರ್ಟು ಅಲೆಯಬೇಕಾಗಿಲ್ಲ. ನೇಮಕವಾದವರು ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕು. ಈ ಕೊನೆಯ ಭಾಗವನ್ನು ಅರ್ಜಿ ಹಾಕುವವರಿಗೆ ಹೇಳುವವರು ಕಡಿಮೆ.

ಅರ್ಜಿಗೆ ಮೊದಲು ಸರ್ಟಿಫಿಕೇಟು ಸರಿ ಮಾಡಿಸಬೇಕಿತ್ತು. ಅವನ ಹಳೆಯ ಕಾಗದದಲ್ಲಿ ಬುದ್ಧಿಮಾಂದ್ಯ ಅಂತ ಮಾತ್ರ ಇತ್ತು. ಆಗಿನ 1995ರ ಅಂಗವಿಕಲರ ಕಾಯ್ದೆಯ ಏಳು ಬಗೆಗಳಲ್ಲಿ ಆಟಿಸಂ ಸೇರಿರಲೇ ಇಲ್ಲ. 2016ರ ಕಾಯ್ದೆಯಲ್ಲಿ ಅದು 21ಕ್ಕೆ ಏರಿದಾಗ ಆಟಿಸಂ ಒಳಗೆ ಬಂತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಈ ಭಾಗದವರ ಪುಣ್ಯ. ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಾಗಲಿಲ್ಲ. ಆಟಿಸಂ ಅಳೆಯಲು ನಮ್ಮ ದೇಶದಲ್ಲೇ ಮಾಡಿದ ಐ.ಎಸ್.ಎ.ಎ. ಅನ್ನುವ 40 ಅಂಶಗಳ ಪಟ್ಟಿಯಲ್ಲಿ ಅವನ ಅಂಕ ಮಧ್ಯಮ ಪ್ರಮಾಣದ ಆಟಿಸಂ ಅಂತ ಬಂತು. ಆ ವರದಿ ಇಟ್ಟು ಅಂಗವೈಕಲ್ಯದ ಗುರುತಿನ ಚೀಟಿ, ಅಂದರೆ ಯು.ಡಿ.ಐ.ಡಿ. ಕಾರ್ಡನ್ನು ಹೊಸದಾಗಿ ಮಾಡಿಸಿದ್ದಾಯಿತು.

ಅಷ್ಟರಲ್ಲಿ ಚಿಕ್ಕಪ್ಪನಿಗೆ ಭಾಗದ ಪತ್ರ ರಿಜಿಸ್ಟರ್ ಮಾಡಿಸುವ ಅವಸರ. ಪಿತ್ರಾರ್ಜಿತ ಜಮೀನು, ಮಗನ ಸಹಿಯೂ ಬೇಕು. "ಹೆಬ್ಬೆಟ್ಟು ಒತ್ತಿಸಿದ್ರಾಯ್ತು, ಅವನಿಗೇನ್ ಗೊತ್ತಾದದು" ಅನ್ನುವ ಮಾತು ಬಂತು. ನಮ್ಮ ಕೆಲಸದಲ್ಲಿ ನನಗೆ ಅತ್ಯಂತ ಸಿಟ್ಟು ಬರಿಸುವ ಮಾತು ಇದು. ಹೊಡೆದಾಟ, ಬಟ್ಟೆ ಒದ್ದೆ ಮಾಡಿಕೊಳ್ಳುವುದು, ರಾತ್ರಿ ಕೂಗು, ಇವೆಲ್ಲ ಸುಧಾರಿಸುತ್ತವೆ. ಆದರೆ ಒಂದು ಹೆಬ್ಬೆಟ್ಟಿಗೆ ಹೋದ ಜಮೀನು ವಾಪಸ್ ಬರುವುದು ಬಹಳ ಕಷ್ಟ. ಅಪ್ಪ ಅವ್ವ ಇಲ್ಲದ ದಿನ ಅವನ ಊಟ, ಮಾತ್ರೆ, ಅವನನ್ನು ನೋಡಿಕೊಳ್ಳುವವರ ಸಂಬಳ ಎಲ್ಲ ಅದರಿಂದಲೇ ಆಗಬೇಕು. ಅಪ್ಪ ತಮ್ಮನ ಮುಂದೆ ಬಾಯಿ ಬಿಡುವವರಲ್ಲ. ಆವತ್ತು ಮಾತ್ರ, "ಸಮಿತಿ ಕಾಗದ ಬರ್ಲಿ, ಆಮೇಲೆ ನೋಡಾನ" ಅಂದರು. ಪತ್ರ ಅಲ್ಲಿಗೆ ನಿಂತಿದೆ.

ಅರ್ಜಿಯಲ್ಲಿ ಅಪ್ಪ ಅವ್ವನ ಹೆಸರಿದೆ. ತಮ್ಮ ನಂತರ ಅಕ್ಕ ಆಗಬೇಕು ಅನ್ನುವುದು ಇಬ್ಬರ ಆಸೆ. ಅಕ್ಕ ಒಪ್ಪಿದ್ದಾಳೆ, ಆದರೆ ಒಂದು ಮಾತು ನೇರವಾಗಿ ಹೇಳಿದಳು: "ನಾನು ನೋಡ್ಕೋತೀನಿ. ಮೈಸೂರಿನ ಎರಡು ರೂಮಿನ ಮನೇಲಿ ಇಟ್ಕೊಳ್ಳೋಕೆ ನನ್ನಿಂದ ಆಗಲ್ಲ." ಅವ್ವ ಅತ್ತರು. ನನಗೆ ಅವಳು ಹೇಳಿದ್ದು ಸರಿ ಅನ್ನಿಸಿತು. ಆಗದ್ದನ್ನು ಆಗುತ್ತದೆ ಅಂದುಬಿಟ್ಟರೆ ಹತ್ತು ವರ್ಷದ ಮೇಲೆ ಯಾರದ್ದೋ ಬಾಗಿಲಲ್ಲಿ ಅವನನ್ನು ಬಿಟ್ಟು ಹೋಗುವ ಪರಿಸ್ಥಿತಿ ಬರುತ್ತದೆ. ಅವನು ಊರಲ್ಲೇ, ಅದೇ ಮನೆಯಲ್ಲಿ, ಯಾರಾದರೂ ಜೊತೆಗಿದ್ದು ಇರಬಹುದಾ ಅನ್ನುವುದನ್ನು ಈಗಿನಿಂದಲೇ ಪ್ರಯತ್ನಿಸುತ್ತಿದ್ದೇವೆ. ತಿಂಗಳಿಗೊಮ್ಮೆ ಅಪ್ಪ ಅವ್ವ ಮಗಳ ಮನೆಗೆ ಹೋಗಿ ಒಂದು ರಾತ್ರಿ ಉಳಿಯುತ್ತಾರೆ. ಪಕ್ಕದ ಬೀದಿಯ ಒಬ್ಬ ಹುಡುಗ, ನಮ್ಮಲ್ಲಿ ತರಬೇತಿ ಆದವನು, ಇವನ ಜೊತೆ ಇರುತ್ತಾನೆ. ಹಲಗೆಯ ಮೇಲೆ ಈಗ ಮೈಸೂರಿನದೂ ಒಂದು ಫೋಟೋ ಬಂದಿದೆ.

ಆ ಹುಡುಗನ ಸಂಬಳಕ್ಕೆ ಯಾವ ಯೋಜನೆಯಲ್ಲೂ ಜಾಗ ಸಿಕ್ಕಿಲ್ಲ. ನಮಗೆ ಬರುವ ಅನುದಾನ ಕೇಂದ್ರಕ್ಕೆ ಬಂದವರ ತಲೆ ಲೆಕ್ಕಕ್ಕೆ. ಮನೆಗೆ ಹೋಗಿ ಕ್ಯಾಲೆಂಡರ್ ಮುಂದೆ ನಿಂತಿದ್ದಕ್ಕೆ, ದಂತ ಕಾಲೇಜಿನ ಮೆಟ್ಟಿಲು ಹತ್ತಿಳಿದಿದ್ದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ. ಸದ್ಯಕ್ಕೆ ದಾನಿಗಳ ದುಡ್ಡಿನಲ್ಲಿ ನಡೆಯುತ್ತಿದೆ.

ಆ ಹುಳು ಸಾಕುವ ಮನೆಗೆ ಮುಂದಿನ ಬೆಳೆಯ ಚಾಕಿ ಹುಳ, ಅಂದರೆ ಮರಿ ಹುಳ, ಬಂದಿದೆ. ಈ ಸಲ ಗೂಡಿನ ಬೆಲೆ ಕುಸಿದಿದೆ, ಕೆ.ಜಿ.ಗೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಅಂತ ಅವರು ಹೇಳಿ ಕಳಿಸಿದ್ದಾರೆ. ಹೆಂಗಸರಿಗೂ ಕಡಿಮೆ ಮಾಡುತ್ತೀರಾ ಅಂತ ಕೇಳಿದ್ದೇವೆ. ಉತ್ತರ ಬಂದಿಲ್ಲ.